ಇಬ್ಬರ ತೂಕದ ಸ್ಪ್ರಿಂಗ್

ಜನವರಿ ೧೮

ಪ್ರೀತಿಯ ಮಗಳೇ, ನನ್ನ ಪುಟ್ಟಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದೆ ಕೂತೆನೆಂದು ಮುನಿಸಿಕೊಳ್ಳಬೇಡ. ಶಾಲೆಯ ಸಮವಸ್ತ್ರಗಳು ಒಟ್ಟಿಗೇ ಬಂದು ಬಿದ್ದವು. ಒಲೆ ಬಿಟ್ಟರೆ ಮೆಷಿನ್ನು, ಮೆಷಿನ್ನು ಬಿಟ್ಟರೆ ಒಲೆ. ಇದು ನೆಪ ಎಂದು ನಿನಗೂ ಗೊತ್ತು, ಬರೆಯುವ ಮನಸ್ಸಿದ್ದರೆ ಹೊಲಿಗೆಯ ನಡುವೆಯೂ ಬರೆಯಬಹುದಿತ್ತು. ನೀನು, ಅಳಿಯಂದಿರು ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ದೇವರ ಮುಂದೆ ಕೂತಾಗ ಮೊದಲು ನಿಮ್ಮಿಬ್ಬರ ಹೆಸರು, ಉಳಿದವರದ್ದು ಆಮೇಲೆ.

ಫೋನಿರುವಾಗ ಕಾಗದ ಯಾಕಮ್ಮ ಎಂದು ಕೇಳಿದ್ದೀಯ. ಮನೆಗಿರುವುದು ಒಂದು ಮೊಬೈಲು, ಅದು ನಿನ್ನ ಅಪ್ಪನ ಜೇಬಿನಲ್ಲಿ. ಅವರ ಕಿವಿ ಎಂಥದೆಂದು ಗೊತ್ತಲ್ಲ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು, ಸೀಟಿ ಊದಿ ಊದಿ, ಅಷ್ಟು ಗದ್ದಲದಲ್ಲೂ ಯಾವ ಬಸ್ಸಿನ ಬೆಲ್ಟು ಕಿರುಗುಟ್ಟುತ್ತಿದೆ ಎಂದು ಹೇಳುತ್ತಿದ್ದ ಕಿವಿ ಅದು. ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಅಂಗಳದಿಂದ ಉತ್ತರ ಬರುತ್ತದೆ.

ಮೊದಲು ಸುದ್ದಿ. ಅಪ್ಪ ತಮ್ಮ ಬೈಕಿಗೆ ಹಿಂದಿನ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದ್ದಾರೆ. ಹಳೆಯವು ಎಣ್ಣೆ ಕಾರಿ ಕಾರಿ ಬರಿದಾಗಿದ್ದವು. ಒಂದು ಹಳ್ಳಕ್ಕೆ ಬಿದ್ದರೆ ಗಾಡಿ ಮೂರು ಸಲ ಕುಣಿಯುತ್ತಿತ್ತು. “ಈ ಬೇಸಿಗೆಗೆ ಘಾಟಿ ಹತ್ತಿ ಮಗಳ ಊರಿಗೆ ಹೋಗೋಣ. ನೀನು ಹಿಂದೆ, ಎರಡು ಕಡೆ ಪೆಟ್ಟಿಗೆ. ಅವಳ ಹೊಸ ಮನೆ ನೋಡದೆ ಈ ವರ್ಷ ಕಳೀಬಾರದು,” ಎಂದು ಹಟ ಹಿಡಿದಿದ್ದಾರೆ. ನಿವೃತ್ತಿಯಾದ ಮೇಲೆ ಆ ಗಾಡಿಯೇ ಅವರಿಗೆ ಕಚೇರಿ, ಅದೇ ಬಂಧುಬಳಗ.

ಶಾಕ್ ಕೊಳ್ಳಲು ನಾನೂ ಹೋಗಿದ್ದೆ. ಆ ಅಂಗಡಿಯವರಿಗೆ ಎಲ್ಲರೂ ತಕ್ಕಡಿ ಎನ್ನುತ್ತಾರೆ, ಅವರೂ ಹಾಗೆ ಕರೆದರೇ ತಿರುಗಿ ನೋಡುತ್ತಾರೆ. ಬಾಗಿಲ ಪಕ್ಕದಲ್ಲೇ ತೂಕದ ಯಂತ್ರ. ಗಿರಾಕಿ ಜಾಕೆಟ್ಟು, ಹೆಲ್ಮೆಟ್ಟು, ಬೂಟು ಸಮೇತ ಅದರ ಮೇಲೆ ನಿಲ್ಲುವವರೆಗೆ ಒಂದು ಶಾಕೂ ಡಬ್ಬಿಯಿಂದ ಹೊರಗೆ ಬರುವುದಿಲ್ಲ. ನಿನ್ನ ಅಪ್ಪ ಕೆಂಪು ಸ್ಪ್ರಿಂಗಿನ ಜೋಡಿಯೊಂದರ ಮುಂದೆ ಹೆಣ್ಣು ನೋಡಲು ಬಂದವರ ಹಾಗೆ ನಿಂತುಬಿಟ್ಟಿದ್ದರು.

“ಬಣ್ಣ ಆಮೇಲೆ ನೋಡೋಣ ಯಜಮಾನ್ರೇ. ಮೊದಲು ತೂಕ,” ಎಂದರು ತಕ್ಕಡಿ.

ನಾನು ಹತ್ತಿ ನಿಂತೆ. ಮುಳ್ಳು ಎಲ್ಲಿಗೆ ಹೋಯಿತೆಂದು ನಿನಗೆ ಬರೆಯುವುದಿಲ್ಲ, ನೀನು ಅಳಿಯಂದಿರಿಗೆ ಹೇಳುತ್ತೀಯ. ನಿನ್ನ ಅಪ್ಪ ಮಾತ್ರ ಹತ್ತಲಿಲ್ಲ.

“ನನ್ನದು ಎಪ್ಪತ್ತೆಂಟು. ಬರ್ಕೊಳ್ಳಿ.”

“ನಿಂತು ಹೇಳಿ.”

“ಮದುವೆ ಆದಾಗಿಂದ ಎಪ್ಪತ್ತೆಂಟು. ನನ್ನ ಮೈತೂಕ ನನಗೆ ಗೊತ್ತಿಲ್ವಾ?”

“ನಿಮಗೆ ಗೊತ್ತಿರುತ್ತೆ. ಸ್ಪ್ರಿಂಗಿಗೆ ಬಾಯಿಮಾತು ಅರ್ಥ ಆಗಲ್ಲ.”

“ಹಾಗಾದ್ರೆ ಬಾಯಿಮಾತು ಅರ್ಥ ಆಗೋ ಅಂಗಡಿಗೆ ಹೋಗ್ತೀವಿ. ನಡಿಯೇ.”

ತಕ್ಕಡಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಆ ಎಪ್ಪತ್ತೆಂಟು, ನನ್ನದೊಂದಿಷ್ಟು, ಪೆಟ್ಟಿಗೆಗಳದ್ದೊಂದಿಷ್ಟು ಕೂಡಿಸಿ ಅದಕ್ಕೆ ಹೊಂದುವ ಸ್ಪ್ರಿಂಗ್ ಆರಿಸಿ ಕೊಟ್ಟರು. ಬಣ್ಣ ಕಪ್ಪು. ದಾರಿಯುದ್ದಕ್ಕೂ ಅಪ್ಪನದು ಅದೇ ಗೊಣಗು.

ಶಾಕ್ ಹಾಕಿದರೆ ಮುಗಿಯಲಿಲ್ಲ, ಕೂರುವವರ ಮೈಗೆ ಅದನ್ನು ಹೊಂದಿಸಬೇಕು. ಅಂಗಿ ಹೊಲಿದ ಮೇಲೆ ತೊಡಿಸಿ ನೋಡುತ್ತೇವಲ್ಲ, ಹಾಗೆ. ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ, ಚಕ್ರದ ನಟ್ಟಿನಿಂದ ಸೀಟಿನ ಕೆಳಗಿನ ಗುರುತಿನವರೆಗೆ ಒಂದು ಅಳತೆ. ಗುರುತು ಹಾಕಿದ್ದು ನನ್ನ ಹೊಲಿಗೆಯ ಸೀಮೆಸುಣ್ಣದಲ್ಲಿ. ಆಮೇಲೆ ಗಾಡಿ ಇಳಿಸಿ, ಅವರು ಕೂತು, ಮೊಣಕೈ ಗೋಡೆಗೆ ತಾಗಿಸಿ ಕಾಲು ಎತ್ತಿಕೊಂಡಾಗ ಇನ್ನೊಂದು ಅಳತೆ. ಒಂದರಲ್ಲಿ ಒಂದು ಕಳೆದರೆ ಗಾಡಿ ಎಷ್ಟು ಕುಸಿಯಿತೆಂದು ಸಿಗುತ್ತದೆ. ಮೂರೂವರೆ ಸೆಂಟಿಮೀಟರು ಕುಸಿಯಬೇಕು. ಕಡಿಮೆಯಾದರೆ ಸ್ಪ್ರಿಂಗ್ ಬಿಗಿ ಎಂದು ಲೆಕ್ಕ, ಹಳ್ಳದ ಪೆಟ್ಟೆಲ್ಲ ಬೆನ್ನಿಗೆ. ಹೆಚ್ಚಾದರೆ ಸಡಿಲ, ತಳ ಬಡಿಯುತ್ತದೆ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲಿನ ಹಾಗೆ ಹಲ್ಲು ಕೊರೆದ ರಿಂಗಿದೆ. ಕೊಕ್ಕೆ ಪಾನಾ ಹಾಕಿ ತಿರುಗಿಸಿ ಅದನ್ನು ಏರಿಸಿದರೆ ಬಿಗಿ, ಇಳಿಸಿದರೆ ಸಡಿಲ. ಇಬ್ಬರೂ ಕೂತರೆ ಟೇಪು ಹಿಡಿಯುವವರಿಲ್ಲವಲ್ಲ, ಅದಕ್ಕೆ ಅವರೊಬ್ಬರೇ ಕೂತರು.

“ಎಷ್ಟು?”

“ಒಂದು ಇಂಚಿಗೆ ಸ್ವಲ್ಪ ಕಮ್ಮಿ.”

“ಇಂಚು ನಿನ್ನ ಕಾಲರಿಗೆ ಇಟ್ಕೋ. ಟೇಪ್ ತಿರುಗಿಸಿ ಮಿಲಿಮೀಟರ್ ಹೇಳು.”

“ಇಪ್ಪತ್ತನಾಲ್ಕು.”

“ಸರಿಯಾಗಿ ನೋಡೇ.”

“ರೀ, ಇದೇ ಟೇಪಲ್ಲಿ ಊರಿಗೆಲ್ಲ ಪ್ಯಾಂಟು ಹೊಲ್ದಿದ್ದೀನಿ. ಯಾರದೂ ನಡುರಸ್ತೇಲಿ ಜಾರಿಲ್ಲ.”

“ಬಟ್ಟೆ ಟೇಪು. ಹಿಗ್ಗಿದೆ.”

ರಿಂಗನ್ನು ಎರಡು ಹಲ್ಲು ಇಳಿಸಿದ ಮೇಲೆ ಮೂರೂವರೆ ಬಂತು. ಬಸ್ಸು ಬಿಡುವಾಗಿನ ಹಾಗೆ ಉದ್ದಕ್ಕೆ ಸೀಟಿ ಊದಿದರು. ನನಗೂ ನಗು ಬಂತು.

ಈಗ ಬರೆಯಲು ಹಿಂಜರಿದ ವಿಷಯ. ಅವರ ಪ್ಯಾಂಟುಗಳ ಸೊಂಟ ಹಿಡಿದುಕೊಟ್ಟಿದ್ದೇನೆ, ಎರಡನೇ ಸಲ. ಮೊದಲ ಸಲ “ಟೀಗೆ ಸಕ್ಕರೆ ಬಿಟ್ಟೆ, ಅದಕ್ಕೇ” ಎಂದರು. ಈ ಸಲ “ವಯಸ್ಸಾದ ಮೇಲೆ ಗಂಡಸಿನ ಸೊಂಟ ಇಳಿಯುತ್ತೆ” ಎಂದರು. ನಾನು ಹೊಲಿದುಕೊಡುವ ಮುದುಕರಲ್ಲಿ ಸೊಂಟ ಬೆಳೆದವರನ್ನು ಕಂಡಿದ್ದೇನೆಯೇ ಹೊರತು ಇಳಿದವರನ್ನಲ್ಲ. ಡಾಕ್ಟರಿಗೆ ತೋರಿಸಿ ಎಂದರೆ, “ಶಾಕ್ ಸರಿಹೋಗ್ಲಿ, ಟೂರ್ ಆಗ್ಲಿ, ಆಮೇಲೆ ಡಾಕ್ಟರು,” ಎನ್ನುತ್ತಾರೆ. ನೀನು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ದಿನಾ ಡಾಕ್ಟರುಗಳನ್ನು ನೋಡುವವಳು. ಈ ವಯಸ್ಸಿಗೆ ಹೀಗೂ ಆಗುತ್ತದೆಯೇ ಎಂದು ಯಾರನ್ನಾದರೂ ಕೇಳಿ ಬರೆ.

ದೇವರು ನಿಮ್ಮಿಬ್ಬರನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ

ಮರೆತಿದ್ದೆ: ನನ್ನ ಟೇಪು ಹಿಗ್ಗಿದೆ ಎಂದು ಪೇಟೆಗೆ ಹೋಗಿ ಸ್ಟೀಲಿನ ಟೇಪು ತಂದರು. ಅದೂ ನನ್ನ ಟೇಪು ಹೇಳಿದ್ದನ್ನೇ ಹೇಳಿತು.


ಫೆಬ್ರವರಿ ೨೩

ಮಗಳೇ,

ನೀನು ಕೇಳಿ ಬರೆದದ್ದು ತಲುಪಿತು. ಹೀಗೆ ಸುಮ್ಮಸುಮ್ಮನೆ ಆಗುವುದಿಲ್ಲ, ತಡಮಾಡದೆ ತೋರಿಸಬೇಕು ಎಂದು ನಿಮ್ಮ ಡಾಕ್ಟರು ಹೇಳಿದರೆಂದು ಬರೆದಿದ್ದೀಯ. ಆ ಸಾಲನ್ನು ಓದಿ ಕಾಗದವನ್ನು ದಾರದ ಡಬ್ಬಿಯ ತಳಕ್ಕೆ ಹಾಕಿದೆ. ಆವತ್ತೇ ಉತ್ತರ ಬರೆಯಬೇಕಿತ್ತು. ಪೆನ್ನು ಹಿಡಿದವಳು ಮತ್ತೆ ಸೂಜಿ ಹಿಡಿಯುತ್ತಿದ್ದೆ. ನಾವು ಕ್ಷೇಮ ಎಂದು ಮೇಲೆ ಬರೆದು ಹೊಡೆದುಹಾಕಿದ್ದೇನೆ, ನಿನಗೆ ಕಾಣುತ್ತಿರಬೇಕು.

ಶಾಕ್ ಮತ್ತೆ ಬಿಗಿಯಾಯಿತು.

ಅವತ್ತು ಮೂರೂವರೆ ಬಂದಿತ್ತಲ್ಲ. ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಹೊರವರ್ತುಲ ರಸ್ತೆಯವರೆಗೆ ಹೋಗಿ ಬಂದವರು ಗಾಡಿಯಿಂದ ಇಳಿಯಲಿಲ್ಲ. ಅಂಗಳದಲ್ಲಿ ಎಂಜಿನ್ ನಿಲ್ಲಿಸಿ, ಗೋಡೆಗೆ ಕೈ ಕೊಟ್ಟು ಕೂತೇ ಇದ್ದರು. ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು.

“ಏನಾಯ್ತುರೀ?”

“ಏನಿಲ್ಲ. ಬೆನ್ನಿಗೆ ಹೊಡೀತು. ಹಾಳು ಸ್ಪ್ರಿಂಗು.”

“ಇಳೀರಿ.”

“ಇಳೀತೀನಿ ಇರು. ನಿನಗೇನು ಅವಸರ, ಬಸ್ ಹೊರಡುತ್ತಾ?”

ಕಾಲನ್ನು ಸೀಟಿನ ಮೇಲಿಂದ ಎತ್ತಿ ಈಚೆ ಹಾಕಲು ಆಗಲಿಲ್ಲ ಮಗಳೇ. ನಾನು ಕಂಕುಳಿಗೆ ಕೈ ಹಾಕಿ ಎತ್ತಿದೆ. ಆ ಜಾಕೆಟ್ಟಿನ ಒಳಗೆ ನನ್ನ ಕೈಗೆ ಸಿಕ್ಕಿದ್ದು ಅಂಗಿ ತೂಗುಹಾಕುವ ಹ್ಯಾಂಗರು. ಇದೇ ಹೆಗಲ ಮೇಲೆ ನಿನ್ನನ್ನು ಕೂರಿಸಿಕೊಂಡು ಮೂರು ಮಹಡಿ ಹತ್ತುತ್ತಿದ್ದರು.

ಒಳಗೆ ಹೋಗಿ ಮಲಗಿ ಎಂದರೆ, “ಮೊದಲು ಟೇಪ್ ತಾ” ಎಂದರು. ಅಳೆದೆ. ಕಡಿಮೆ ಕುಸಿದಿತ್ತು. ರಿಂಗ್ ಇಳಿಸಿದರು, ಸರಿಹೋಯಿತು. ಮತ್ತೆ ಬಿಗಿಯಾಯಿತು. ಮತ್ತೆ ಇಳಿಸಿದರು. ಚಕ್ರದ ಗಾಳಿ ಹೆಚ್ಚಾಗಿದೆ ಎಂದರು, ಗಾಳಿ ನೋಡಿಸಿದರು, ಸರಿಯಿತ್ತು. ಕೀಲಿಗೆ ಗ್ರೀಸ್ ಇಲ್ಲ ಎಂದರು, ಬಿಚ್ಚಿ ಗ್ರೀಸ್ ಹಚ್ಚಿದರು. ಶಾಕಿನ ಕೆಳಗೆ ಟಿಕ್ ಟಿಕ್ ಎಂದು ತಿರುಗುವ ಒಂದು ತಿರುಪಿದೆ, ಕುಸಿದ ಸ್ಪ್ರಿಂಗ್ ಎಷ್ಟು ನಿಧಾನವಾಗಿ ಮೇಲೇಳಬೇಕು ಎಂದು ಹೇಳುವ ತಿರುಪು, ಅದನ್ನು ಆ ಕಡೆ ಈ ಕಡೆ ತಿರುಗಿಸಿದ್ದೇ ತಿರುಗಿಸಿದ್ದು. ಈಗ ರಿಂಗು ಕೊನೆಯ ಹಲ್ಲಿಗೆ ಬಂದು ಕೂತಿದೆ. ಇನ್ನು ಇಳಿಯಲು ಜಾಗವಿಲ್ಲ. ಮೊನ್ನೆ ಅಳೆದರೆ ಎರಡು ಸೆಂಟಿಮೀಟರೂ ಕುಸಿಯಲಿಲ್ಲ.

“ಸ್ಪ್ರಿಂಗ್ ದಿನದಿನಕ್ಕೆ ಗಟ್ಟಿಯಾಗ್ತಿದೆ ಕಣೇ. ಕೆಟ್ಟ ಉಕ್ಕು ಕೊಟ್ಟಿದ್ದಾನೆ.”

ನಾನು ಹ್ಞೂಂ ಎಂದು ಒಳಗೆ ಬಂದು ಮೆಷಿನ್ನಿನ ಮುಂದೆ ಕೂತೆ. ಮಗುವಿನ ಚಡ್ಡಿಯೊಂದಕ್ಕೆ ಎಲಾಸ್ಟಿಕ್ ಹಾಕುತ್ತಿದ್ದೆ. ಎಳೆದ ಕೈ ಎಳೆದಲ್ಲೇ ನಿಂತಿತು. ಎಲಾಸ್ಟಿಕ್ ಹಳತಾದರೆ ಸಡಿಲವಾಗುತ್ತದೆ. ಇಷ್ಟು ವರ್ಷದ ಹೊಲಿಗೆಯಲ್ಲಿ, ಹಳತಾಗುತ್ತ ಬಿಗಿಯಾದ ಎಲಾಸ್ಟಿಕ್ಕನ್ನು ನಾನು ಕಂಡಿಲ್ಲ. ಸ್ಪ್ರಿಂಗೂ ಹಾಗೇ ಇರಬೇಕಲ್ಲ. ಅದು ಇದ್ದ ಹಾಗೇ ಇದೆ. ಅದರ ಮೇಲೆ ಕೂರುವವರು ಕರಗುತ್ತಿದ್ದಾರೆ. ನಾನು ಅಂಗಳದಲ್ಲಿ ಮಂಡಿಯೂರಿ ಇಷ್ಟು ದಿನ ಅಳೆದದ್ದು ಗಾಡಿಯನ್ನಲ್ಲ.

ಮಾರನೆಯ ದಿನ ದಾರ ತರುತ್ತೇನೆಂದು ಹೇಳಿ ಡಾಕ್ಟರ ಹತ್ತಿರ ಹೋದೆ. ನಿನ್ನ ಅಪ್ಪನನ್ನು ಕರೆದುಕೊಂಡು ಹೋಗಲು ಆಗದಿದ್ದಕ್ಕೆ ಅವರ ಪ್ಯಾಂಟುಗಳನ್ನು ಚೀಲದಲ್ಲಿ ಒಯ್ದಿದ್ದೆ. ನಗಬೇಡ. ಮೇಜಿನ ಮೇಲೆ ಹರಡಿ, ಇದು ಮೊದಲಿನ ಹೊಲಿಗೆ, ಇದು ಆಮೇಲಿನದು, ಇದು ಮೊನ್ನೆಯದು ಎಂದು ತೋರಿಸಿದೆ. ಡಾಕ್ಟರು ನಗಲಿಲ್ಲ. ಒಂದೊಂದೇ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. “ಅಮ್ಮಾ, ಪ್ಯಾಂಟ್ ನೋಡಿ ಔಷಧಿ ಬರೆಯೋಕಾಗಲ್ಲ. ಆದರೆ ಇಷ್ಟು ಇಳಿದಿದ್ರೆ ನಾನು ಬರೆಯೋ ಔಷಧಿಗೆ ಬಗ್ಗೋದೂ ಅಲ್ಲ. ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕಾಯಬೇಡಿ,” ಎಂದರು.

ನಮಗೆ ದೊಡ್ಡ ಆಸ್ಪತ್ರೆ ಎಂದರೆ ನೀನು ಕೆಲಸ ಮಾಡುವುದೇ. ಅಲ್ಲಿಗೆ ಹೇಗೆ ಕರೆದುಕೊಂಡು ಹೋಗಲಿ? ಮಗಳ ಊರಿಗೆ ಬಸ್ಸಿನಲ್ಲಿ ಹೋಗೋಣ ಎಂದು ಎಷ್ಟು ಹೇಳಿದೆ. “ಬಸ್ ಹತ್ತಿಸೋದು ನನ್ನ ಕೆಲಸ, ಹತ್ತೋದಲ್ಲ. ಬಸ್ಸಲ್ಲಿ ಕೂತು ಹೋಗೋಕೆ ನಾನೇನು ರೋಗಿನಾ?” ಎಂದು ಪಾನಾ ಎಸೆದರು. ಶಾಕ್ ಸರಿಯಾದ ಮೇಲೆ ಟೂರು, ಟೂರಾದ ಮೇಲೆ ಡಾಕ್ಟರು. ಆ ಶಾಕು ಎಂದಿಗೂ ಸರಿಯಾಗುವುದಿಲ್ಲವಲ್ಲ ಮಗಳೇ. ಇವತ್ತು ಹೊಂದಿಸಿದ್ದು ನಾಳೆಗೆ ಹೊಂದುವುದಿಲ್ಲ. ಕಾಲ ಹೋಗುತ್ತಿದೆ, ನಾವು ಅಂಗಳದಲ್ಲಿ ರಿಂಗು ತಿರುಗಿಸುತ್ತ ಕೂತಿದ್ದೇವೆ.

ದೇವರ ಮುಂದೆ ಕೂತರೆ ಪ್ರಾರ್ಥನೆ ಬರುತ್ತಿಲ್ಲ, ಜಗಳ ಬರುತ್ತಿದೆ. ದೇವರೇ, ನಿನ್ನ ಹತ್ತಿರ ನಾನು ಚಿನ್ನ ಕೇಳಲಿಲ್ಲ, ಮನೆ ಕೇಳಲಿಲ್ಲ, ಇರುವ ಒಬ್ಬನನ್ನು ಇರುವಷ್ಟು ತೂಕದಲ್ಲೇ ಇಡು ಎಂದೆ, ಅದೂ ಹೆಚ್ಚಾಯಿತೇ ಎಂದು ಕೇಳಿದೆ. ಕೇಳಿದ ಮೇಲೆ ಹೆದರಿಕೆಯಾಗಿ ತಪ್ಪಾಯಿತು ಎಂದೆ. ಆಮೇಲೆ ಮತ್ತೆ ಅದನ್ನೇ ಕೇಳಿದೆ.

ಏನು ಮಾಡಲಿ ಹೇಳು. ನನಗೆ ಗೊತ್ತಾಗಿದೆ ಎಂದು ಅವರಿಗೆ ತೋರಿಸಿಕೊಂಡಿಲ್ಲ. ತೋರಿಸಿದರೆ ಆ ಟೂರೂ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗುವ ಜಾತಿ ಅದು. ಬೇಗ ಬರೆ.

ಅಮ್ಮ


ಮಾರ್ಚ್ ೧೧

ನನ್ನ ಕಂದ,

ರಜೆ ಹಾಕಿ ಬಂದು ಎಳೆದುಕೊಂಡಾದರೂ ಹೋಗುತ್ತೇನೆ ಎಂದು ಬರೆದಿದ್ದೀಯ. ಬರಬೇಡ. ಈ ಮಾತನ್ನು ಮೊದಲೇ ತಿಳಿಸದೆ ನಿನ್ನನ್ನು ಕಾಯಿಸಿದ್ದಕ್ಕೆ ಹೊಟ್ಟೆಗೆ ಹಾಕಿಕೋ. ಒಂದು ದಾರಿ ಕಾಣುವವರೆಗೆ ಬರೆಯುವುದು ಬೇಡ ಎಂದಿದ್ದೆ. ಎಳೆದರೆ ಅವರು ಬರುವವರಲ್ಲ. ಎಳೆದಷ್ಟೂ ಹಿಂದಕ್ಕೆ ಹೋಗುವ ಎತ್ತು. ತಾವಾಗಿ ಬರಬೇಕು, ಗಾಡಿಯಲ್ಲೇ ಬರಬೇಕು. ಬರುತ್ತಿದ್ದಾರೆ. ಅದನ್ನು ಹೇಳಲು ಈ ಕಾಗದ.

ಹೊಲಿದ ಬಟ್ಟೆ ಕೊಟ್ಟುಬರುವ ನೆಪದಲ್ಲಿ ತಕ್ಕಡಿಯವರ ಅಂಗಡಿಗೆ ಹೋದೆ. ಅವರು ಹಳೆಯ ಶಾಕೊಂದನ್ನು ಬಿಚ್ಚಿ ಎಣ್ಣೆ ಬಸಿಯುತ್ತಿದ್ದರು. ಹೋದವಳೇ ಹೇಳಿಬಿಟ್ಟೆ.

“ಅಣ್ಣಾ, ಆ ಗಾಡಿ ಘಾಟಿ ಹತ್ತಿ ನಮ್ಮ ಮಗಳ ಊರು ಮುಟ್ಟಬೇಕು. ದಾರೀಲಿ ಅವರ ಬೆನ್ನಿಗೆ ಪೆಟ್ಟು ಬೀಳಬಾರದು. ನಿಮ್ಮ ಕೈಲಿ ಏನಾಗುತ್ತೋ ಮಾಡಿ. ಅಲ್ಲಿ ಆಸ್ಪತ್ರೆ ಇದೆ.”

ಅವರು ಕೈ ಒರೆಸಿಕೊಂಡು ಸ್ಟೂಲು ಎಳೆದು ಕೊಟ್ಟರು. ಯಾವ ಆಸ್ಪತ್ರೆ, ಯಾಕೆ ಎಂದು ಕೇಳಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

“ಮೆತ್ತನೆ ಸ್ಪ್ರಿಂಗ್ ಹಾಕಿಬಿಡಿ,” ಎಂದೆ.

“ಹಾಕಬಹುದಮ್ಮ. ಅವರೊಬ್ಬರೇ ಹೋಗೋದಾದ್ರೆ ಹೂವಿನ ಹಾಗಿರುತ್ತೆ. ನೀವು ಪೆಟ್ಟಿಗೆ ಸಮೇತ ಹಿಂದೆ ಕೂತ್ರೆ ತಿರುವಲ್ಲಿ ತಳ ಬಡಿಯುತ್ತೆ. ಘಾಟಿಯಲ್ಲಿ ಅದು ಒಳ್ಳೇದಲ್ಲ.”

“ಹಾಗಾದ್ರೆ ನಾನು ಬಸ್ಸಲ್ಲಿ ಹೋಗ್ತೀನಿ.”

“ನೀವಿಲ್ದೆ ಅವರು ಹೊರಡ್ತಾರಾ?”

ಅವರೇ ಎಣ್ಣೆಯ ಡಬ್ಬಿ ಪಕ್ಕಕ್ಕೆ ಸರಿಸಿ, “ಮನೇಲಿ ಅಳೀತೀರಲ್ಲ, ನೀವೂ ಕೂತಿರ್ತೀರಾ?” ಎಂದರು.

“ನಾನು ಕೂತ್ರೆ ಟೇಪ್ ಹಿಡಿಯೋರು ಯಾರು ಅಣ್ಣಾ?”

ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. “ಅದು ಇಬ್ಬರ ತೂಕಕ್ಕೆ ಕೊಟ್ಟ ಸ್ಪ್ರಿಂಗಮ್ಮ. ಒಬ್ಬರೇ ಕೂತು ಅದನ್ನ ಬೈದ್ರೆ ಅದೇನು ಮಾಡುತ್ತೆ? ನಾಳೆ ಇಬ್ಬರೂ ಬನ್ನಿ. ಪೆಟ್ಟಿಗೆ ತುಂಬ್ಕೊಂಡೇ ಬನ್ನಿ. ಕರ್ಕೊಂಡು ಬರೋಕೆ ನನ್ನ ಬೈಯೋ ಆಸೆ ತೋರಿಸಿ, ಬರ್ತಾರೆ.”

ಹಾಗೇ ಹೇಳಿದೆ. “ಕೆಟ್ಟ ಉಕ್ಕು ಕೊಟ್ಟಿದ್ದೀಯ ಅಂತ ಮುಖಕ್ಕೆ ಹೇಳಿ ಬರೋಣ ಬನ್ರಿ” ಎಂದದ್ದೇ ತಡ, ಜಾಕೆಟ್ಟು ತೊಟ್ಟು ನಿಂತರು. ಆ ಜಾಕೆಟ್ಟಿನೊಳಗೆ ಈಗ ಇನ್ನೊಬ್ಬರು ನುಗ್ಗಬಹುದು.

ಅಂಗಡಿಯ ಮುಂದೆ ಇಬ್ಬರೂ ಕೂತೆವು. ತಕ್ಕಡಿ ಮಂಡಿಯೂರಿ ಅಳೆದರು. ಮತ್ತೊಮ್ಮೆ ಅಳೆದರು. “ಯಜಮಾನ್ರೇ, ಇದು ಬಿಗಿ ಎಲ್ಲಿ? ಸಡಿಲ ಇದೆ. ಯಾರು ಇಷ್ಟು ಕೆಳಗೆ ಇಳಿಸಿದ್ದು?” ಎಂದು ಕೊಕ್ಕೆ ಪಾನಾ ಹಾಕಿ ರಿಂಗನ್ನು ಎರಡು ಹಲ್ಲು ಏರಿಸಿದರು. ಇಷ್ಟು ದಿನದಲ್ಲಿ ಆ ರಿಂಗು ಮೇಲೆ ಹೋದದ್ದು ಅದೇ ಮೊದಲು. ಹೆಲ್ಮೆಟ್ಟಿದ್ದದ್ದು ಒಳ್ಳೆಯದಾಯಿತು, ನನ್ನ ಮುಖ ಯಾರಿಗೂ ಕಾಣಲಿಲ್ಲ.

ರೈಲ್ವೆ ಗೇಟಿನ ಆಚೆಯ ಕಿತ್ತುಹೋದ ರಸ್ತೆಯಲ್ಲಿ ಹೋಗಿ ಬಂದೆವು. ಹಳ್ಳ ಬಂದಾಗಲೆಲ್ಲ ಅವರ ಸೊಂಟ ಬಿಗಿಯಾಗಿ ಹಿಡಿದುಕೊಂಡೆ. ಗಾಡಿ ಇಳಿಯಿತು, ನಿಧಾನವಾಗಿ ಎದ್ದಿತು, ಅಷ್ಟೆ. ಅವರ ಬೆನ್ನು ಸೆಟೆಯಲಿಲ್ಲ. ಕಳೆದುಹೋದ ಅವರ ತೂಕವನ್ನು ನನ್ನ ಮೈ ತುಂಬಿಕೊಟ್ಟಿತ್ತು ಮಗಳೇ. ದೇವರು ನನ್ನನ್ನು ದಪ್ಪ ಮಾಡಿದ್ದಕ್ಕೆ ಜೀವಮಾನದಲ್ಲಿ ಒಮ್ಮೆ ಕೈಮುಗಿದೆ.

“ನಿನ್ನ ತೂಕ ಇಷ್ಟು ವರ್ಷಕ್ಕೆ ಒಂದು ಉಪಯೋಗಕ್ಕೆ ಬಂತು ನೋಡು,” ಎಂದರು ನಿನ್ನ ಅಪ್ಪ.

“ಅದಕ್ಕೇ ನನ್ನ ಬಿಟ್ಟು ಹೋಗೋ ಯೋಚನೆ ಇದ್ರೆ ಮರೆತುಬಿಡಿ.”

ಅವರು ಗಾಡಿಯ ಕನ್ನಡಿ ಸರಿಮಾಡಿಕೊಂಡರು.

ಸೋಮವಾರ ಬೆಳಕು ಹರಿದ ಮೇಲೆ ಹೊರಡುತ್ತೇವೆ. ಬಿಸಿಲಿಗೆ ಮೊದಲು ಒಂದಷ್ಟು ದೂರ, ಬಿಸಿಲು ಇಳಿದ ಮೇಲೆ ಒಂದಷ್ಟು. ನನಗೆ ಸೊಂಟ ನೋವು, ಬಾಯಾರಿಕೆ, ಕಾಲು ಜೋಮು ಎಂದು ಸುಳ್ಳು ಹೇಳಿ ಹೇಳಿ ನಿಲ್ಲಿಸುತ್ತೇನೆ. ತಮಗಾಗಿ ಅವರು ನಿಲ್ಲಿಸುವುದಿಲ್ಲ, ನನಗಾದರೆ ಬೈದುಕೊಂಡು ನಿಲ್ಲಿಸುತ್ತಾರೆ. ನಡುವೆ ಒಂದು ರಾತ್ರಿ ಎಲ್ಲಾದರೂ ತಂಗುತ್ತೇವೆ. ಎಷ್ಟು ಹೊತ್ತಿಗೆ ತಲುಪುತ್ತೇವೆಂದು ಹೇಳಲಾರೆ. ತಲುಪಿಸು ಎಂದು ದೇವರನ್ನು ಕೇಳುವುದೊಂದೇ ನನ್ನ ಕೈಯಲ್ಲಿರುವುದು.

ನೀನು ಮಾಡಬೇಕಾದದ್ದು ಇಷ್ಟು. ನಿಮ್ಮ ಆಸ್ಪತ್ರೆಯ ಡಾಕ್ಟರಿಗೆ ಎಲ್ಲವನ್ನೂ ಹೇಳಿ ಇಟ್ಟಿರು. ಅಳಿಯಂದಿರಿಗೂ ಹೇಳು. ಗಾಡಿ ನಿಮ್ಮ ಗೇಟಿಗೆ ಬಂದಾಗ ಓಡಿ ಬಂದು ಅಪ್ಪಿಕೊಳ್ಳಬೇಡ. ಅಪ್ಪಿಕೊಂಡರೆ ನಿನ್ನ ಕೈಗೆ ಗೊತ್ತಾಗುತ್ತದೆ, ನಿನ್ನ ಮುಖದಲ್ಲಿ ಅವರಿಗೆ ಗೊತ್ತಾಗುತ್ತದೆ. ಮೊದಲು ಗಾಡಿ ನೋಡು. ಹೊಸ ಶಾಕ್ ಹೇಗಿದೆ ಅಪ್ಪಾ ಎಂದು ಕೇಳು. ಅವರು ಹೇಳುವುದನ್ನೆಲ್ಲ ಕೊನೆಯವರೆಗೆ ಕೇಳಿಸಿಕೋ. ಅದಾದ ಮೇಲೆ ಮುಂದಿನದು.

ನಿನ್ನ ಮನೆ ತುಂಬಿರಲಿ, ನಿನ್ನ ಗಂಡನ ಮೈ ಗಟ್ಟಿಯಾಗಿರಲಿ, ನಾನು ಕೇಳುತ್ತಿರುವಂಥದ್ದನ್ನು ನೀನು ದೇವರ ಹತ್ತಿರ ಎಂದೂ ಕೇಳುವ ಹಾಗಾಗದಿರಲಿ.

ನಿನ್ನ ಅಮ್ಮ

ಸಹಿ ಹಾಕಿ ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಒಂದು ಮಾತನ್ನು ಬರೆಯದೆ ಕಳಿಸೋಣವೆಂದಿದ್ದೆ, ಆಗುತ್ತಿಲ್ಲ. ಅಂಗಡಿಯಿಂದ ಹೊರಡುವ ಮುಂಚೆ ಅಪ್ಪ ಚಕ್ರಕ್ಕೆ ಗಾಳಿ ಹಾಕಿಸಲು ಆಚೆ ಹೋಗಿದ್ದರು. ತಕ್ಕಡಿ ಹತ್ತಿರ ಬಂದು, “ಹೇಳಬಾರದು ಅಂತ ನನ್ನಿಂದ ಮಾತು ತಗೊಂಡಿದ್ದಾರಮ್ಮ. ಆದ್ರೆ ಘಾಟಿ ಹತ್ತೋರನ್ನ ಹೇಳದೆ ಕಳಿಸೋಕೆ ಮನಸ್ಸು ಬರ್ತಿಲ್ಲ,” ಎಂದರು. ಶಾಕ್ ಕೊಂಡ ಮಾರನೆಯ ದಿನವೇ ನಿನ್ನ ಅಪ್ಪ ಒಬ್ಬರೇ ಆ ಅಂಗಡಿಗೆ ಹೋಗಿದ್ದರಂತೆ. ಯಾರೂ ಹೇಳದೆ ತಾವಾಗಿ ತೂಕದ ಯಂತ್ರದ ಮೇಲೆ ನಿಂತರಂತೆ. ಎಪ್ಪತ್ತೆಂಟು ಎಲ್ಲಿ ಎಂದು ತಕ್ಕಡಿ ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದರಂತೆ. ಹೊಟ್ಟೆಯೊಳಗೆ ಗಡ್ಡೆ ಇದೆ ಎಂದು ಆಗಲೇ ಗೊತ್ತಿತ್ತು. ಕೊಯ್ದು ತೆಗೆಯಬಹುದು, ಬೇಗ ಬನ್ನಿ ಎಂದು ನಾನು ಕಾಣದ ಇನ್ಯಾರೋ ಡಾಕ್ಟರು ಹೇಳಿಯೂ ಇದ್ದರು. ಇವರು ಎದ್ದು ಬಂದಿದ್ದಾರೆ. ಮೊದಲು ಒಂದು ಸಲ ಅವಳನ್ನು ಹಿಂದೆ ಕೂರಿಸಿಕೊಂಡು ಮಗಳ ಮನೆಗೆ ಹೋಗಿಬರುತ್ತೇನೆ, ಆಮೇಲೆ ಕೊಯ್ಯಲಿ ಎಂದರಂತೆ. ಮನೆಯಲ್ಲಿ ಹೇಳಿಲ್ಲವೇ ಎಂದು ತಕ್ಕಡಿ ಕೇಳಿದರೆ, “ಅವಳಿಗೆ ಗೊತ್ತಾದ ದಿನದಿಂದ ನಾನು ರೋಗಿ. ಅಲ್ಲೀವರೆಗೆ ಗಂಡ,” ಎಂದರಂತೆ.

ಈ ಮನುಷ್ಯನ ತೋಳು, ಎದೆ, ಕತ್ತು ಎಲ್ಲದರ ಅಳತೆಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅವರು ಹೋಗಿ ಬಾಯಿಬಿಟ್ಟದ್ದು ಸ್ಪ್ರಿಂಗ್ ಮಾರುವವರ ಮುಂದೆ. ಕೋಪ ಇನ್ನೂ ಇಳಿದಿಲ್ಲ. ಅವರು ಬೇಡವೆಂದಷ್ಟೂ ತಟ್ಟೆಗೆ ಬಡಿಸುತ್ತೇನೆ, ಅದು ಕೋಪಕ್ಕೋ ಮತ್ತೊಂದಕ್ಕೋ ನನಗೇ ತಿಳಿಯುತ್ತಿಲ್ಲ. ಆದರೆ ಅವರನ್ನು ಏನೂ ಕೇಳುವುದಿಲ್ಲ. ದಾರಿಯುದ್ದಕ್ಕೂ ಏನೂ ಗೊತ್ತಿಲ್ಲದವಳ ಹಾಗೆ ಹಿಂದೆ ಕೂತು, ನಿಧಾನ ಹೋಗ್ರಿ ಎಂದು ಯಾವತ್ತಿನಂತೆ ಬೈಯುತ್ತ ಬರುತ್ತೇನೆ. ನಿನ್ನ ಗೇಟಿನವರೆಗೆ ಅವರು ನನ್ನ ಗಂಡ. ಗೇಟಿನಲ್ಲಿ ನೀನೇ ಮುಂದೆ ಬಂದು ಅವರ ಸೊಂಟದಿಂದ ನನ್ನ ಕೈ ಬಿಡಿಸು ಮಗಳೇ. ಅದು ನನ್ನಿಂದಾಗುವ ಕೆಲಸವಲ್ಲ.